ಖಾಲಾ ಇನ್ನೂ ಇಳಿಸಿಲ್ಲ

ಶಿವಾಜಿನಗರದ ಗುಜರಿ ಬೀದಿಯಲ್ಲಿ ಅಹ್ಮದ್ ಪಾಷಾ ಅವರ ಅಂಗಡಿಯನ್ನು ಹೊರಗಿನಿಂದ ನೋಡಿದವರಿಗೆ ಕಳಚಿದ ಕಾರಿನ ಬಾಗಿಲುಗಳು, ತುಕ್ಕು ಹಿಡಿದ ಸೈಲೆನ್ಸರುಗಳು, ಯಾವ ಗಾಡಿಯದೆಂದು ಯಾರಿಗೂ ನೆನಪಿಲ್ಲದ ಸ್ಟೀರಿಂಗುಗಳು, ಇಷ್ಟೇ ಕಾಣುತ್ತಿದ್ದವು. ಅವುಗಳ ನಡುವೆ ಬಟ್ಟೆಗೆ ಗ್ರೀಸು ಹತ್ತದಂತೆ ಓರೆಯಾಗಿ ನುಸುಳಿ ಹಿಂದಕ್ಕೆ ಹೋದರೆ ಅಲ್ಲಿ ತಾಲೀಮು, ಭಾರ ಎತ್ತುವವರ ಗರಡಿ. ಲಾರಿಯ ಆಕ್ಸೆಲ್ಲೇ ಎತ್ತುವ ಸರಳು. ಅದರ ಎರಡು ತುದಿಗೆ ಸಿಕ್ಕಿಸುವ ತೂಕಗಳೂ ಗುಜರಿಯವೇ: ಬ್ರೇಕ್ ಡ್ರಮ್ಮು, ಫ್ಲೈವೀಲು, ಹಲ್ಲು ಸವೆದ ಗೇರು. ಪಾಷಾ ಎಲ್ಲವನ್ನೂ ಅಂಗಡಿಯ ತಕ್ಕಡಿಯಲ್ಲೇ ತೂಗಿ, ಒಂದೊಂದರ ಮೇಲೂ ಸುಣ್ಣದಲ್ಲಿ ತೂಕ ಬರೆದಿಟ್ಟಿದ್ದರು. ಬೆವರಿಗೆ ಸುಣ್ಣ ಅಳಿಸುತ್ತಿತ್ತು, ಅವರು ಮತ್ತೆ ಬರೆಯುತ್ತಿದ್ದರು.

ಆ ತಾಲೀಮಿನಲ್ಲಿ ಒಂದು ಕಟ್ಟಳೆ ಇತ್ತು. ಯಾರೂ ಒಬ್ಬರೇ ಎತ್ತುವ ಹಾಗಿಲ್ಲ. ಪ್ರತಿಯೊಬ್ಬರಿಗೂ ಒಂದು ಜೋಡಿ. ಇಬ್ಬರೂ ತಂತಮ್ಮ ಸರಳಿಗೆ ಒಟ್ಟಿಗೆ ಬಗ್ಗಬೇಕು, ಒಟ್ಟಿಗೆ ಎತ್ತಬೇಕು, ಒಟ್ಟಿಗೆ ಇಳಿಸಬೇಕು. ಜೋಡಿ ಇನ್ನೂ ಹಿಡಿದು ನಿಂತಿರುವಾಗ ತಾನು ಇಳಿಸಿದವನು ಆ ವಾರವಿಡೀ ಎಲ್ಲರಿಗೂ ಚಹಾ ತರಬೇಕು. "ಒಬ್ಬ ಎತ್ಕೊಂಡು ನಿಂತಿರೋವಾಗ ಅವನ್ನ ಹಾಗೇ ಬಿಟ್ಟು ಹೋಗೋದಾ? ಅದು ಹಲಾಲ್ ಕೆಲ್ಸ ಅಲ್ಲ" ಎನ್ನುತ್ತಿದ್ದರು ಪಾಷಾ. ಅವರು ತಮ್ಮ ಉಸ್ತಾದರಿಂದ ಕಲಿತದ್ದು ಅದು. ಅವರಿಗೆ ಅದಕ್ಕಿಂತ ಹೆಚ್ಚಿನ ವಿವರಣೆ ಬೇಕಿರಲಿಲ್ಲ.

ಅಲ್ಲಿಗೆ ಬರುತ್ತಿದ್ದ ಒಬ್ಬಳೇ ಹುಡುಗಿ ಕಾವೇರಿ. ಅವಳ ಅಪ್ಪ ಹಂಪಣ್ಣ ಸುರಪುರದ ಕಡೆಯವನು, ರಸೆಲ್ ಮಾರ್ಕೆಟ್ಟಿನಲ್ಲಿ ಮೂಟೆ ಹೊರುತ್ತಿದ್ದ. ಒಂದು ದಿನ ಅವನ ಬೆನ್ನು ಹಿಡಿದುಕೊಂಡಾಗ, ಊಟದ ಡಬ್ಬಿ ತಂದಿದ್ದ ಮಗಳು ಡಬ್ಬಿ ಕೆಳಗಿಟ್ಟು, ಈರುಳ್ಳಿ ಮೂಟೆಯನ್ನು ತಾನೇ ಎತ್ತಿ ಗಾಡಿಗೆ ಹಾಕಿದಳು. ಚಹಾ ಕುಡಿಯುತ್ತ ನಿಂತಿದ್ದ ಪಾಷಾ ಅದನ್ನು ನೋಡಿ ಲೋಟವನ್ನು ಬಾಯಿಗೆ ತರುವುದೇ ಮರೆತರಂತೆ. ಆವತ್ತಿನಿಂದ ಅವಳು ಹಲಸೂರಿನ ಬಾಡಿಗೆ ಕೋಣೆಯಿಂದ ದಿನಾ ಬೆಳಿಗ್ಗೆ ನಡೆದು ಬರುತ್ತಿದ್ದಳು. ಹುಡುಗರು ಬರುವ ಮೊದಲೇ ಅವಳ ಪಾಳಿ. ಅವಳು ಎತ್ತುವಾಗ ಪಾಷಾ ಅಂಗಡಿಯ ಬಾಗಿಲಲ್ಲಿ ಸ್ಟೂಲು ಹಾಕಿಕೊಂಡು, ಬೀದಿಗೆ ಮುಖ ಮಾಡಿ, ಜಪಮಣಿ ಎಣಿಸುತ್ತ ಕೂರುವರು. ಹೆಣ್ಣುಮಗಳನ್ನು ನೆಟ್ಟ ಕಣ್ಣಿನಿಂದ ನೋಡುತ್ತ ನಿಲ್ಲುವುದು ಅವರಿಂದ ಆಗದ ಕೆಲಸ.

ಮೊದಲ ದಿನವೇ ಕಾವೇರಿ ಕೇಳಿದ್ದಳು, "ಉಸ್ತಾದ್, ನನ್ನ ಜೋಡಿ ಯಾರು?"

"ಇದಾರೆ. ನೀನು ಎತ್ತು."

ಯಾರೂ ಕಾಣಲಿಲ್ಲ. ಹಿಂದಿನ ಗೋಡೆಯಲ್ಲಿ ಅಡುಗೆಮನೆಗೆ ಹೋಗುವ ಬಾಗಿಲು, ಅದಕ್ಕೆ ಮಾಸಿದ ಹಸಿರು ಪರದೆ. ಪರದೆಯ ಆಚೆಯಿಂದ ಪಾಷಾ ಅವರ ಹೆಂಡತಿ ಸುರಯ್ಯಾಳ ದನಿ ಮಾತ್ರ ಬರುತ್ತಿತ್ತು. ಹುಡುಗಿ ಸೋತಳು ಎನ್ನುವ ಹೊತ್ತಿಗೆ ಸರಿಯಾಗಿ, "ಔರ್ ಏಕ್." ಇನ್ನೂ ಒಂದು. ಆಮೇಲೆ ಮತ್ತೆ, "ಔರ್ ಏಕ್, ಬೇಟಾ." ಕಾವೇರಿಗೆ ಅವಳು ಖಾಲಾ, ಚಿಕ್ಕಮ್ಮ. ಕಣ್ಣಿಗೆ ಕಾಣದೆಯೂ ಸುರಯ್ಯಾ ಖಾಲಾಗೆ ಎಲ್ಲ ತಿಳಿಯುತ್ತಿತ್ತು. ಆ ದನಿ ಯಾವಾಗಲೂ ಸ್ವಲ್ಪ ಏದುಸಿರಿನಲ್ಲೇ ಬರುವುದು. ಒಲೆ ಊದುತ್ತಿರಬೇಕು ಎಂದುಕೊಂಡಿದ್ದಳು ಕಾವೇರಿ. ಎಲ್ಲ ಮುಗಿದ ಮೇಲೆ ಪರದೆಯ ಸಂದಿಯಿಂದ ಗಾಜಿನ ಬಳೆಯ ಕೈಯೊಂದು ಬೇಯಿಸಿದ ಮೊಟ್ಟೆ ಹಿಡಿದು ಹೊರಬರುತ್ತಿತ್ತು. ಆ ಅಂಗೈ ಕಾವೇರಿಯ ಅಂಗೈಯಷ್ಟೇ ಒರಟು. ಮನೆಗೆಲಸ ಮಾಡಿದ ಕೈ ಅಲ್ಲವೇ.

ಹೀಗೆ ವರ್ಷಗಳು ಹೋದವು. ಭಾರ ಎತ್ತುವ ಸ್ಪರ್ಧೆಯಲ್ಲಿ ಕಾವೇರಿ ಕಾಲೇಜಿನ ಹುಡುಗಿಯರ ನಡುವೆ ಗೆದ್ದಳು, ಜಿಲ್ಲೆಯಲ್ಲಿ ಗೆದ್ದಳು. ಎರಡು ಸಾವಿರದ ನಾಲ್ಕನೇ ಇಸವಿಯಲ್ಲಿ ಅವಳಿಗೆ ರೈಲ್ವೆಯ ಆಟಗಾರರ ಕೋಟಾದ ಟ್ರಯಲ್ಲಿಗೆ ಕರೆ ಬಂತು. ಅದರಲ್ಲಿ ಎತ್ತಿದರೆ ಕಾಯಂ ಕೆಲಸ, ಇಲ್ಲವಾದರೆ ಮಹದೇವಪುರದ ಕಡೆಯ ಗಾರ್ಮೆಂಟ್ಸ್ ಎಂದು ಅವ್ವ ಮಾನಮ್ಮ ಆಗಲೇ ತೀರ್ಮಾನಿಸಿದ್ದಳು. ಅದೇ ವರ್ಷ ಬಕ್ರೀದ್ ಕಳೆದ ಮೇಲೆ ಸುರಯ್ಯಾಗೆ ಜ್ವರ ಬಂತು. ಜ್ವರ ಇಳಿಯಲಿಲ್ಲ.

ಸುರಯ್ಯಾ ತೀರಿಕೊಂಡ ನಲವತ್ತನೇ ದಿನದ ಫಾತಿಹಾ ಪ್ರಾರ್ಥನೆ ಆದ ಮೇಲೆ ಪಾಷಾ ಮತ್ತೆ ತಾಲೀಮು ತೆರೆದರು. ಅಡುಗೆಮನೆಯನ್ನು ತೆರೆಯಲಿಲ್ಲ. ಪರದೆಯ ಹಿಂದೆ ಬಾಗಿಲು ಹಾಕಿ, ಬೀಗ ಜಡಿದು, ಊಟಕ್ಕೆ ಹೋಟೆಲಿಗೆ ಹೋಗುತ್ತಿದ್ದರು. ಕಾವೇರಿ ಮೊದಲಿನ ಹಾಗೇ ಬಂದಳು. ಅವರು ಮೊದಲಿನ ಹಾಗೇ ಬೀದಿಗೆ ಮುಖ ಮಾಡಿ ಕೂತರು.

ಆಗ ಅವಳಿಗೆ ಬೇಜಾರು ಶುರುವಾಯಿತು. ಖಾಲಾಗಾಗಿ ಅತ್ತದ್ದು ಬೇರೆ, ಇದೇ ಬೇರೆ. ಅದೇ ಆಕ್ಸೆಲ್ಲು, ಅದೇ ಡ್ರಮ್ಮು, ಬಗ್ಗು, ಎತ್ತು, ಇಳಿಸು. ತೂಕವೂ ಮೇಲೇರುತ್ತಿಲ್ಲ. ಬೆಳಿಗ್ಗೆ ಎದ್ದಾಗಲೇ ಬಾಯಲ್ಲಿ ತುಕ್ಕಿನ ರುಚಿ. ಹೇಳುವವರಿಲ್ಲದ ಮೇಲೆ ಕೊನೆಯದನ್ನು ಎತ್ತುವುದು ಬಿಟ್ಟಳು. ಆಮೇಲೆ ಪೂರ್ತಿ ನೆಟ್ಟಗೆ ನಿಲ್ಲುವ ಮುಂಚೆಯೇ ಸರಳನ್ನು ಕೈಬಿಡತೊಡಗಿದಳು. ಟ್ರಯಲ್ಲಿನಲ್ಲಿ ರೆಫರಿ ಕೈ ಇಳಿಸುವ ಮುಂಚೆ ಸರಳು ಇಳಿದರೆ ಆ ಸಲ ಎತ್ತಿದ್ದು ಲೆಕ್ಕಕ್ಕಿಲ್ಲ. ಅದು ಅವಳಿಗೆ ಚೆನ್ನಾಗಿ ಗೊತ್ತು. ಗೊತ್ತಿದ್ದೂ ಬಿಡುತ್ತಿದ್ದಳು.

ಹುಡುಗರ ಪಾಳಿಯ ಅಫ್ತಾಬ್ ಒಂದು ದಿನ ಬೇಗನೆ ಬಂದವನು ಇದನ್ನು ನೋಡಿದ. ಅವನು ಪಕ್ಕದ ಗ್ಯಾರೇಜಿನ ಮೆಕ್ಯಾನಿಕ್.

"ಏನ್ ಚಾಂಪಿಯನ್, ಮುಖ ಪಂಚರ್ ಟ್ಯೂಬ್ ಆಗಿದೆ?"

"ಬೋರ್ ಆಗೋಗಿದೆ ಗುರು."

"ಅಷ್ಟೇನಾ. ನಾನು ಪ್ರೇಮ ಗೀಮ ಅಂದ್ಕೊಂಡೆ." ಅವನು ಗ್ಯಾರೇಜಿಗೆ ಹೋಗಿ ಒಂದು ಟೇಪ್ ರೆಕಾರ್ಡರ್ ತಂದು ಗೇರುಗಳ ರಾಶಿಯ ಮೇಲೆ ಇಟ್ಟ. "ಹಾಡು ಹಾಕು ಮಗಾ. ಅದರ ತಾಳಕ್ಕೆ ಎತ್ತು. ನಮ್ ವಾಜಿದ್ ಹಾಡಿಲ್ದೆ ಇದ್ರೆ ಚಪ್ಲೀನೂ ಎತ್ತಲ್ಲ."

"ವಾಜಿದ್ ಹಾಡಿದ್ರೂ ಎತ್ತಲ್ಲ, ಬಿಡು."

"ಅದೂ ನಿಜಾನೇ."

ಒಂದೆರಡು ದಿನ ಹಾಡು ಕೆಲಸ ಮಾಡಿತು. ಆಮೇಲೆ ಹಾಡೂ ಬೇಜಾರಾಯಿತು. ಅಫ್ತಾಬ್ ಕನ್ನಡಿ ತಂದು ನಿಲ್ಲಿಸಿದ. ಕನ್ನಡಿಯಲ್ಲಿ ಕಂಡದ್ದು ಬೇಜಾರಾದ ಒಬ್ಬ ಹುಡುಗಿ, ಅವಳ ಬೆನ್ನ ಹಿಂದೆ ಹಸಿರು ಪರದೆ. ಕಾವೇರಿ ಕನ್ನಡಿಯನ್ನು ಗೋಡೆಗೆ ತಿರುಗಿಸಿಟ್ಟಳು.

ಆ ರಾತ್ರಿ ಊಟಕ್ಕೆ ಕೂತಾಗ ಅವಳು ಹೇಳಿಯೇಬಿಟ್ಟಳು. "ಅವ್ವ, ನಾ ಇನ್ ಹೋಗಲ್ಲ. ಟ್ರಯಲ್ಲೂ ಬ್ಯಾಡ. ಗಾರ್ಮೆಂಟ್ಸಿಗೇ ಸೇರ್ತೀನಿ."

ಮಾನಮ್ಮ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. "ಯಾಕ, ಏನಾತು?"

"ಬೇಜಾರಾಗೇದ."

"ಬೇಜಾರು?" ಮಾನಮ್ಮ ಗಂಡನ ಕಡೆ ನೋಡಿದಳು. "ಕೇಳಿದ್ಯಾ ಇಲ್ಲಿ. ನಿನ್ ಮಗಳಿಗಿ ಬೇಜಾರ್ ಆಗೇದಂತ. ಸಿಮೆಂಟ್ ಬುಟ್ಟಿ ಹೊರಾಕ ನನಗೇನ್ ದಿನಾ ಹಬ್ಬ ಅದನು?"

"ನಿನಗ ಕೂಲಿ ಕೊಡ್ತಾರವ್ವಾ."

"ಕೂಲಿ ಶನಿವಾರ ಕೊಡ್ತಾರ. ಉಳಿದ ದಿನ ಯಾಕ ಹೊರ್ತೀನಿ ಗೊತ್ತದನು? ಮುಂದಿನಾಕಿ ಹೊರ್ಲಕತ್ತಾಳ, ಹಿಂದಿನಾಕಿ ಹೊರ್ಲಕತ್ತಾಳ. ನಡುವ ನಾ ಹ್ಯಾಂಗ ಕುಂದರ್ಲಿ?"

ಹಂಪಣ್ಣ ನಕ್ಕ. "ಹೋಗಲಿ ಬಿಡವ್ವಾ. ಆದ್ರ ಉಸ್ತಾದಗ ಬಾಯಿಬಿಟ್ಟು ಹೇಳಿ ಬಾ. ಹೇಳದೆ ಬಿಡಬ್ಯಾಡ."

ಹಾಗಾಗಿ ಮರುದಿನ ಬೆಳಿಗ್ಗೆ ಅವಳು ಹೇಳಲೆಂದೇ ಹೋದಳು. ಪಾಷಾ ಯಾರೋ ಗಿರಾಕಿಗೆ ಮಾರುತಿ ಕಾರಿನ ಬಂಪರ್ ತೋರಿಸುತ್ತಿದ್ದರು. ಕೈ ಸನ್ನೆಯಲ್ಲೇ 'ಒಳಗೆ ಹೋಗು' ಎಂದರು. ಕಾಯುವ ಹೊತ್ತಿಗೆ ಏನಾದರೂ ಮಾಡಬೇಕಲ್ಲ ಎಂದು ಅವಳು ಟೇಪ್ ಹಾಕಿ ಸರಳಿಗೆ ಬಗ್ಗಿದಳು. ಒಂದು ಹಾಡು ಮುಗಿಯಿತು. ಕ್ಯಾಸೆಟ್ಟಿನ ಆ ಬದಿ ಮುಗಿದು ಗುಂಡಿ ಟಕ್ ಎಂದು ಎದ್ದಿತು. ಅವಳು ಅರ್ಧಕ್ಕೆ ಎತ್ತಿದ್ದ ಸರಳನ್ನು ಕೈಬಿಟ್ಟಳು.

ಸ್ವಲ್ಪ ಹೊತ್ತು ಏನೂ ಇಲ್ಲ.

ಆಮೇಲೆ ಪರದೆಯ ಆಚೆ, ಧಬ್.

ಕಬ್ಬಿಣದ ಸದ್ದಲ್ಲ. ಕಲ್ಲು ನೆಲಕ್ಕೆ ಕೂತ ಸದ್ದು. ಬೆಕ್ಕು ಏನನ್ನೋ ಬೀಳಿಸಿರಬೇಕು ಎಂದುಕೊಂಡು ಅವಳು ಮತ್ತೆ ಬಗ್ಗಿದಳು. ಈ ಸಲವೂ ಬೇಗ ಬಿಟ್ಟಳು. ಮತ್ತೆ ಆ ನಿಶ್ಶಬ್ದ. ಯಾರೋ ಹಲ್ಲು ಕಚ್ಚಿ ಹಿಡಿದು ನಿಂತಷ್ಟು ಹೊತ್ತು. ಮತ್ತೆ ಧಬ್.

ಕಾವೇರಿಯ ತೋಳಿನ ಕೂದಲು ನೆಟ್ಟಗಾದವು. ಓಡಬಹುದಿತ್ತು. ಯಾಕೋ ಅವಳು ಮೂರನೆಯ ಸಲ ಬಗ್ಗಿ, ಪಾಷಾ ಕಲಿಸಿದ ಹಾಗೆ ಉಸಿರು ಕಟ್ಟಿ, ಮಂಡಿ ಬಿಗಿದು, ಪೂರ್ತಿ ನೆಟ್ಟಗೆ ನಿಂತಳು. ನಿಂತು ನಿಧಾನಕ್ಕೆ ಇಳಿಸಿದಳು. ಕಬ್ಬಿಣ ನೆಲ ಮುಟ್ಟಿದ ಗಳಿಗೆಯಲ್ಲೇ ಆಚೆ ಕಲ್ಲೂ ನೆಲ ಮುಟ್ಟಿತು. ಎರಡು ಸದ್ದು ಒಂದರೊಳಗೊಂದು ಕೂಡಿಹೋದವು.

ಹೊರಗೆ ಗಿರಾಕಿಯ ಜೊತೆ ನಡೆಯುತ್ತಿದ್ದ ಮಾತು ನಿಂತಿತ್ತು.

ಅವಳು ಹೇಳಬೇಕೆಂದಿದ್ದನ್ನು ಹೇಳಲಿಲ್ಲ. ಮನೆಗೆ ಹೋದಳು. ಮರುದಿನ ಬರಬಾರದೆಂದುಕೊಂಡು ಬಂದಳು. ಈಗ ಹಾಡು ಹಾಕಲಿಲ್ಲ. ಸರಿಯಾಗಿ ಎತ್ತಿದರೆ ಎರಡು ಸದ್ದು ಒಟ್ಟಿಗೆ. ಬೇಗ ಬಿಟ್ಟರೆ ಆಚೆಯದು ತಡವಾಗಿ, ಭಾರವಾಗಿ, ಸೋತು. ಒಮ್ಮೆ ಅವಳು ಬೇಕೆಂದೇ ಅರ್ಧಕ್ಕೆ ಬಿಟ್ಟು ಕಿವಿಗೊಟ್ಟು ನಿಂತಳು. ಕಲ್ಲು ಇಳಿಯಲೇ ಇಲ್ಲ. ಅವಳು ಗಡಬಡಿಸಿ ಸರಳನ್ನು ಮತ್ತೆ ಎತ್ತಿದಳು, ಪೂರ್ತಿ ನಿಂತಳು, ಇಳಿಸಿದಳು. ಆಗ ಇಳಿಯಿತು.

ಬೆವರು ಒರೆಸಿಕೊಳ್ಳದೆ ಹಾಗೇ ಹೊರಗೆ ಬಂದಳು.

"ಉಸ್ತಾದ್, ಒಳಗೆ ಯಾರಿದಾರೆ?"

ಪಾಷಾ ಜಪಮಣಿಯನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡರು. "ಬೀಗ ಹಾಕಿದೆ ಬೇಟಾ. ಯಾರಿರ್ತಾರೆ?"

"ನಿಮ್ಗೂ ಕೇಳ್ಸುತ್ತೆ."

ಅವರು ಬೀದಿಯನ್ನೇ ನೋಡುತ್ತಿದ್ದರು. ಒಬ್ಬ ಬಾಳೆಹಣ್ಣಿನ ಗಾಡಿಯವನು ಸಲಾಂ ಹೇಳಿ ಹೋದ. ಅವರು ಸಲಾಂ ಹೇಳಿದರು. ಆಮೇಲೆ ಜೇಬಿನಿಂದ ಬೀಗದ ಕೈ ತೆಗೆದರು.

ಬಾಗಿಲು ತೆರೆದಾಗ ಒಳಗೆ ಮುಚ್ಚಿಟ್ಟ ಮನೆಯ ವಾಸನೆ, ಹಳೆಯ ಸೀಮೆಎಣ್ಣೆ, ಒಣಗಿದ ಪುದೀನ. ಡಬ್ಬಿಗಳ ಮೇಲೆ ಧೂಳು. ಒಲೆಯ ಮೇಲೆ ಧೂಳು. ನೆಲದಲ್ಲಿ ಹೂತ ಒರಳಿನ ಕುಳಿಯೊಳಗೆ ಜೇಡ ಬಲೆ ಕಟ್ಟಿತ್ತು. ಅದರ ರುಬ್ಬುಗುಂಡು ಒರಳಿನಲ್ಲಿರಲಿಲ್ಲ. ಪರದೆಯ ಪಕ್ಕದಲ್ಲಿ, ಮಡಿಸಿದ ಗೋಣಿಚೀಲದ ಮೇಲೆ ಇತ್ತು. ಗೋಣಿಯ ಈಚೆ ಕಡಪ ಕಲ್ಲಿನ ನೆಲದಲ್ಲಿ, ಎರಡು ಪಾದಗಳಷ್ಟು ಜಾಗ ಸವೆದು ನುಣುಪಾಗಿ ಹೊಳೆಯುತ್ತಿತ್ತು.

ಕಾವೇರಿ ಆ ಎರಡು ಗುರುತುಗಳನ್ನು ನೋಡಿದಳು. ಏದುಸಿರಿನ ದನಿ, ಒರಟು ಅಂಗೈ, ತಾನು ಸೋಲುವ ಹೊತ್ತಿಗೆ ಸರಿಯಾಗಿ ಬರುತ್ತಿದ್ದ 'ಔರ್ ಏಕ್'. ಎಲ್ಲ ಒಂದೊಂದಾಗಿ ಬಂದು ಅಲ್ಲಿ ನಿಂತವು.

"ಖಾಲಾ ಎತ್ತುತ್ತಿದ್ರು" ಎಂದಳು.

"ಜೋಡಿ ಇಲ್ದೆ ಇಲ್ಲಿ ಯಾರೂ ಎತ್ತಲ್ಲ. ನಿಂಗೆ ಹುಡುಗ್ರನ್ನ ಹಾಕೋಕಾಗಲ್ಲ. ಏನ್ ಮಾಡ್ಲಿ ಅಂತ ಇದ್ದೆ. 'ನಾನಿದೀನಲ್ಲ' ಅಂದ್ಳು." ಪಾಷಾ ಹೊಸ್ತಿಲು ದಾಟಿರಲಿಲ್ಲ. "ಹೇಳ್ಬೇಡಿ ಅಂದ್ಳು. ಈ ವಯಸ್ಸಲ್ಲಿ ರುಬ್ಬುಗುಂಡು ಎತ್ತೋ ಮುದುಕಿ ಅಂತ ಹುಡುಗಿ ನಗ್ತಾಳೆ ಅಂತ."

"ನಾನ್ ಯಾಕ್ ನಗ್ತಿದ್ದೆ?"

"ನಗಬೇಕಿತ್ತು. ಅವಳು ನಗಿಸ್ತಿದ್ಳು." ಅವರ ಮೀಸೆಯ ಅಡಿಯಲ್ಲಿ ಏನೋ ಮಿಸುಕಿತು. "ದಿನಾ ಬೆಳಿಗ್ಗೆ ಎದ್ದು ಬೈಯೋಳು. 'ಯಾ ಅಲ್ಲಾ, ಇವತ್ತಾದ್ರೂ ಆ ಹುಡುಗಿಗೆ ಮಳೆ ಅಡ್ಡ ಬರ್ಲಿ, ಜ್ವರ ನಕ್ಕೊ, ಜ್ವರ ಬೇಡ, ಸುಮ್ನೆ ಮಳೆ ಸಾಕು, ನನಗೊಂದು ದಿನ ರಜಾ ಸಿಗ್ಲಿ, ಈ ಕಲ್ಲನ್ನ ನೋಡಿದ್ರೆ ನಿದ್ದೆ ಬರ್ತದೆ' ಅಂತ. ಅಷ್ಟ್ರಲ್ಲಿ ನಿನ್ನ ಚಪ್ಲಿ ಸದ್ದು. ಬಂದ್ಳಪ್ಪಾ ಅಂತ ಎದ್ದು ಸೆರಗು ಸಿಕ್ಕಿಸೋಳು."

ಕಾವೇರಿ ಪರದೆಯತ್ತ ತಿರುಗಿದಳು. ಖಾಲಾ ಬೈಯುತ್ತಾಳೆಂದು ತಾನು ಮಳೆಯಲ್ಲೂ ಬರುತ್ತಿದ್ದಳು. ಇವಳು ಬರುತ್ತಾಳೆಂದು ಖಾಲಾ ಏಳುತ್ತಿದ್ದಳು. ಇಬ್ಬರಿಗೂ ಬೇಜಾರು, ಇಬ್ಬರ ನಡುವೆ ಒಂದು ಪರದೆ. ಒಬ್ಬರಾದರೂ ಬಾಯಿಬಿಟ್ಟಿದ್ದರೆ ಇಬ್ಬರೂ ಆ ದಿನ ಮಲಗಿರಬಹುದಿತ್ತು.

ಅವಳು ಬಗ್ಗಿ ಗುಂಡನ್ನು ಮುಟ್ಟಿದಳು. ಇಡೀ ಅಡುಗೆಮನೆಯಲ್ಲಿ ಧೂಳಿಲ್ಲದ ವಸ್ತು ಅದೊಂದೇ. ಕೈ ಹಿಡಿಯುವ ಕಡೆ ಬೆಚ್ಚಗಿತ್ತು.

ಅವಳು ಪಾಷಾ ಅವರ ಮುಖ ನೋಡಿದಳು. ಅವರೂ ಆ ಕಲ್ಲನ್ನೇ ನೋಡುತ್ತಿದ್ದರು.

"ನಾನು ಬರೋದು ನಿಲ್ಸೋಣ ಅಂತಿದ್ದೆ, ಉಸ್ತಾದ್. ಅದನ್ನೇ ಹೇಳೋಕ್ ಬಂದಿದ್ದು."

"ಗೊತ್ತು. ನಿಮ್ಮಪ್ಪ ಮಾರ್ಕೆಟ್ಟಲ್ಲಿ ಹೇಳ್ದ." ಅವರು ಜಪಮಣಿಯನ್ನು ಬೆರಳಿಗೆ ಸುತ್ತಿಕೊಂಡರು. "ನಿಲ್ಸು ಅಂತ ನಾನ್ ಹೇಳ್ಲಾ, ನಿಲ್ಸಬೇಡ ಅಂತ ಹೇಳ್ಲಾ? ಹೊರಗೆ ಕೂತು ದಿನಾ ಕೇಳ್ತೀನಿ. ಕೇಳ್ದಾಗ ಖುಷಿ ಆಗ್ತದೆ. ಆಮೇಲೆ ಹೆದ್ರಿಕೆ ಆಗ್ತದೆ. ಪಾಪ, ಅವಳಿಗೆ ಇನ್ನೂ ರಜಾ ಸಿಕ್ಕಿಲ್ವಲ್ಲ ಅಂತ." ಅವರು ಬಾಗಿಲಿನ ಚೌಕಟ್ಟು ಹಿಡಿದುಕೊಂಡರು. "ನೀನು ಹೋದ್ರೆ ಇಳಿಸ್ತಾಳೋ, ಎತ್ಕೊಂಡೇ ನಿಂತಿರ್ತಾಳೋ, ಅದು ಮಾತ್ರ ನಂಗೊತ್ತಿಲ್ಲ ಬೇಟಾ."

ಬೀಗ ಮತ್ತೆ ಹಾಕಿದರು.

ಟ್ರಯಲ್ಲಿನವರೆಗೆ ಕಾವೇರಿ ಒಂದು ದಿನವೂ ತಪ್ಪಿಸಲಿಲ್ಲ. ಬೇಜಾರು ಹೋಯಿತೇ ಎಂದರೆ ಹೋಗಲಿಲ್ಲ. ಅದೇ ಆಕ್ಸೆಲ್ಲು, ಅದೇ ಡ್ರಮ್ಮು. ಅವಳು ಬೇಜಾರಿನಲ್ಲೇ ಬರುತ್ತಿದ್ದಳು, ಬೇಜಾರಿನಲ್ಲೇ ಎತ್ತುತ್ತಿದ್ದಳು. ಆಚೆಯೂ ಯಾರಿಗೋ ಬೇಜಾರಾಗಿದೆ ಎಂದು ಗೊತ್ತಿದ್ದೇ ಬಗ್ಗುತ್ತಿದ್ದಳು. ಆದರೆ ಪೂರ್ತಿ ನೆಟ್ಟಗೆ ನಿಲ್ಲದೆ ಒಮ್ಮೆಯೂ ಇಳಿಸಲಿಲ್ಲ. ಒಂದು ಬೆಳಿಗ್ಗೆ ಪಾಷಾ ಸುಣ್ಣದ ಅಂಕಿಗಳನ್ನು ಅಳಿಸಿ ಹೊಸದಾಗಿ ಬರೆದು, ಇನ್ನೊಂದು ಫ್ಲೈವೀಲನ್ನು ಹೊರಗಿನಿಂದ ಉರುಳಿಸಿ ಒಳಗೆ ತಂದರು.

ಟ್ರಯಲ್ಲಿನ ದಿನ ಮಾನಮ್ಮ ಕೆಲಸಕ್ಕೆ ರಜೆ ಹಾಕಿ ಬಂದಿದ್ದಳು. ಅಫ್ತಾಬ್ ಗ್ಯಾರೇಜಿಗೆ ಸುಳ್ಳು ಹೇಳಿ ಬಂದಿದ್ದ. ಪಾಷಾ ಗ್ಯಾಲರಿಯ ಮೊದಲ ಸಾಲಿನಲ್ಲಿ ಕೂತರು. ಕಾವೇರಿ ಹಲಗೆಯ ವೇದಿಕೆ ಹತ್ತಿದೊಡನೆ ಅಭ್ಯಾಸಬಲದಿಂದ ಬೆನ್ನು ತಿರುಗಿಸಿ ಹಿಂದಿನ ಸಾಲಿನವರಿಗೆ ಎದುರಾಗಿ ಕೂತರು. ಹಿಂದಿನ ಸಾಲಿನವರಿಗೆ ಮುಜುಗರವಾಯಿತು.

ಕೊನೆಯದು ನೆಲದಿಂದ ಸರಳನ್ನು ಎತ್ತಿ ನೆಟ್ಟಗೆ ನಿಲ್ಲುವ ಸುತ್ತು. ಕೆಲಸ ಸಿಗುವುದೂ ಸಿಗದಿರುವುದೂ ಅದೊಂದರ ಮೇಲೇ ನಿಂತಿತ್ತು. ಇಲ್ಲಿ ಆಕ್ಸೆಲ್ಲಿಲ್ಲ, ಹೊಳೆಯುವ ಹೊಸ ಸರಳು, ಬಣ್ಣಬಣ್ಣದ ಬಿಲ್ಲೆಗಳು. ತುಕ್ಕಿನ ವಾಸನೆಯೇ ಇಲ್ಲ. ಅವಳು ಬಗ್ಗಿದಳು. ಸರಳು ಮೊದಲು ಮಿಸುಕಲಿಲ್ಲ, ಆಮೇಲೆ ನೆಲ ಬಿಟ್ಟಿತು. ಮಂಡಿ ದಾಟಿತು. ಅವಳು ನೆಟ್ಟಗೆ ನಿಂತಳು.

ರೆಫರಿ ಕೈ ಇಳಿಸಿದ. ಕಾವೇರಿ ಇಳಿಸಲಿಲ್ಲ.

"ಡೌನ್" ಎಂದ ರೆಫರಿ. ಅವಳು ನಿಂತೇ ಇದ್ದಳು. ಬೆರಳುಗಳು ಬಿಚ್ಚಿಕೊಳ್ಳುತ್ತಿದ್ದವು, ಕುತ್ತಿಗೆಯ ನರ ಹಗ್ಗವಾಗಿತ್ತು. ಯಾರೋ ನಕ್ಕರು. "ಇಳ್ಸಮ್ಮಾ, ಆಯ್ತು" ಎಂದರು ಬರೆಯುತ್ತಿದ್ದವರೊಬ್ಬರು. ಗ್ಯಾಲರಿಯಲ್ಲಿ ಮಾನಮ್ಮ ಎದ್ದು ನಿಂತಳು.

ಪಾಷಾ ಬೆನ್ನು ಮಾಡಿಕೊಂಡೇ ಇದ್ದರು. ಅವರ ತಲೆ ಮಾತ್ರ ಒಂದು ಬದಿಗೆ ವಾಲಿತ್ತು, ಪಕ್ಕದ ಕೋಣೆಯ ಸದ್ದು ಕೇಳುವವರ ಹಾಗೆ.

ಆಗ ಎಲ್ಲಿಂದಲೋ, ಗ್ಯಾಲರಿಯ ಮೆಟ್ಟಿಲುಗಳ ಅಡಿಯಿಂದಲೋ ಏನೋ, ಧಬ್.

ಕಾವೇರಿ ಸರಳನ್ನು ಇಳಿಸಿದಳು. ಎತ್ತಿದ್ದು ಸರಿಯೆಂದು ಮೂರು ಬಿಳಿ ದೀಪಗಳು ಹತ್ತಿದವು.

ಕೆಳಗೆ ಬಂದವಳ ಕೈಗಳನ್ನು ಮಾನಮ್ಮ ತನ್ನ ಸೆರಗಿನಲ್ಲಿ ಒರೆಸಿದಳು. ಎರಡೂ ಅಂಗೈ ಕಿತ್ತುಹೋಗಿದ್ದವು. "ಹುಚ್ಚಿ, ಅವ ಇಳಸಂದ್ರೂ ಯಾಕ ಹಿಡಕೊಂಡು ನಿಂತಿದ್ದಿ?"

"ಖಾಲಾ ಇನ್ನೂ ಇಳಿಸಿರ್ಲಿಲ್ಲವ್ವಾ."

ಮಾನಮ್ಮ ಮಗಳ ಮುಖ ನೋಡಿದಳು. ಆಮೇಲೆ ಪಾಷಾ ಅವರ ಕಡೆ ನೋಡಿದಳು. ಅವರು ಕಣ್ಣು ಒರೆಸಿಕೊಳ್ಳುತ್ತಿದ್ದರು. ಮಾನಮ್ಮ ತಲೆಯ ಮೇಲೆ ಸೆರಗು ಎಳೆದುಕೊಂಡಳು.

ಕೆಲಸದ ಆದೇಶ ಮುಂದಿನ ತಿಂಗಳು ಬಂತು. ಟ್ರಯಲ್ ಮುಗಿದ ಮರುದಿನದ ಬೆಳಿಗ್ಗೆ ಮಾತ್ರ ಕಾವೇರಿ ಎಂದಿನಂತೆ ಎದ್ದಳು. ಅಂಗೈಗೆ ಬಟ್ಟೆ ಸುತ್ತಿಕೊಂಡು ಹಲಸೂರಿನಿಂದ ನಡೆದು ಬಂದಳು. ಇನ್ನು ಎತ್ತಬೇಕಾದ ಕಾರಣವೇ ಇರಲಿಲ್ಲ. ಖಾಲಾಗೆ ಈಗಲಾದರೂ ರಜೆ ಸಿಕ್ಕಿತೇ ಎಂದು ತಿಳಿಯಬೇಕಿತ್ತು, ಅಷ್ಟೇ. ಪಾಷಾ ಸ್ಟೂಲಿನಿಂದ ಎದ್ದು ದಾರಿ ಬಿಟ್ಟರು.

ಎಲ್ಲಕ್ಕಿಂತ ಹಗುರದ ಗೇರುಗಳನ್ನು ಆಕ್ಸೆಲ್ಲಿಗೆ ಸಿಕ್ಕಿಸಿ ಎತ್ತಿದಳು, ನಿಂತಳು, ಇಳಿಸಿದಳು. ಕಬ್ಬಿಣ ಒಂದೇ ಸದ್ದು ಮಾಡಿತು. ಮತ್ತೊಮ್ಮೆ. ಒಂದೇ ಸದ್ದು. ಹೊರಗೆ ಜಪಮಣಿಯ ಟಿಕ್ ಟಿಕ್ ನಿಂತಿತ್ತು.

ಸರಿ, ಸಿಕ್ಕಿತು ಎಂದುಕೊಂಡಳು. ಅಂಗೈಗೆ ಸುತ್ತಿದ್ದ ಬಟ್ಟೆ ಬಿಚ್ಚಿ ಹೊರಡಲು ತಿರುಗಿದಳು. ಎದೆಯಲ್ಲಿ ಸಮಾಧಾನವಿತ್ತು, ಅದರ ಪಕ್ಕದಲ್ಲೇ ತಡೆಯಲಾಗದ ಒಂಟಿತನವೂ ಇತ್ತು. ಬೀಗ ಹಾಕಿದ ಬಾಗಿಲ ಮುಂದೆ ಹಸಿರು ಪರದೆ ಗಾಳಿಯಿಲ್ಲದೆ ನೇತಾಡುತ್ತಿತ್ತು.

ಅವಳು ಗೇರುಗಳ ರಾಶಿಯ ಹತ್ತಿರ ಬಂದಿದ್ದಳು, ಅಷ್ಟರಲ್ಲಿ ಹಿಂದಿನಿಂದ, ಸ್ವಲ್ಪ ಏದುಸಿರಿನಲ್ಲಿ, ಬೇಜಾರಾದ ಒಂದು ದನಿ.

"ಔರ್ ಏಕ್."

ಕಾವೇರಿ ನಿಂತಳು. ಹೊರಗೆ ಪಾಷಾ ಸ್ಟೂಲನ್ನು ಮತ್ತೆ ಬೀದಿಯ ಕಡೆ ತಿರುಗಿಸಿಕೊಂಡು ಕೂತ ಸದ್ದು ಕೇಳಿಸಿತು. ಅವಳು ಅಂಗೈಗೆ ಬಟ್ಟೆಯನ್ನು ಮತ್ತೆ ಸುತ್ತಿಕೊಳ್ಳತೊಡಗಿದಳು.